ಕಡಲ ತಳದ ಹಗೇವು

ನವೆಂಬರ್ 1 ಬಂತೆಂದರೆ ನಾವು ಬಾವುಟ ಹಾರಿಸುತ್ತೇವೆ, ಮೆರವಣಿಗೆ ತೆಗೆಯುತ್ತೇವೆ, ಭಾಷಣದ ನಡುವೆ ಒಮ್ಮೆ ಕಾಸರಗೋಡನ್ನು ನೆನೆದು ನಿಟ್ಟುಸಿರು ಬಿಡುತ್ತೇವೆ. ಅದೇ 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕೈಯಿಂದ ಇನ್ನೂ ಐದು ಊರುಗಳು ಜಾರಿಹೋದವು. ಅವುಗಳಿಗಾಗಿ ಯಾರಾದರೂ ನಿಟ್ಟುಸಿರು ಬಿಟ್ಟದ್ದನ್ನು ನಾನು ಕೇಳಿಲ್ಲ. ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರಾ. ಅಮಿನ್‌ದೀವಿ ಎಂದು ಕರೆಯುತ್ತಿದ್ದ ಈ ದ್ವೀಪಗಳು ಶ್ರೀರಂಗಪಟ್ಟಣ ಬಿದ್ದ 1799ರಿಂದ ಅಂದಿನವರೆಗೂ ಮಂಗಳೂರಿನಿಂದಲೇ ಆಳಿಸಿಕೊಂಡವು. ಅಲ್ಲಿಯ ಜನ ಆಡುವುದು ಜೆಸರಿ ಎಂಬ ಒಂದು ಬಗೆಯ ಮಲಯಾಳ. ಹಾಗಾಗಿ ಅವು ಹೊಸ ಮೈಸೂರು ರಾಜ್ಯಕ್ಕೆ ಬರದೆ ಲಕ್ಷದ್ವೀಪದ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದ್ದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಒಂದೂವರೆ ಶತಮಾನದ ಸಂಬಂಧವನ್ನು ಇಷ್ಟು ಸಲೀಸಾಗಿ ಮರೆಯಬಹುದೇ ಎಂಬ ಪ್ರಶ್ನೆ ಉಳಿಯುತ್ತದೆ.

ನಾನು ಈಗ ಬರೆಯಹೊರಟಿರುವುದು ಆ ದ್ವೀಪಗಳ ಸುತ್ತ ನೀರಿನಡಿ ಬೆಳೆಯುವ ಹುಲ್ಲಿನ ಬಗ್ಗೆ. ಹುಲ್ಲಿನ ಕತೆಗೆ ನಾರಿನ ಕತೆಯಿಂದಲೇ ಹೋಗಬೇಕು. ಆ ಕಡಲಿನಿಂದ ಹೊರಗಿನವರಿಗೆ ಬೇಕಾದದ್ದು ಮೊದಲಿಗೆ ನಾರು.

ಹನ್ನೊಂದನೆಯ ಶತಮಾನದ ಆರಂಭದಲ್ಲಿ ‘ಕಿತಾಬುಲ್ ಹಿಂದ್’ ಬರೆದ ಅಲ್‌ಬಿರೂನಿ ಈ ಕಡಲಿನ ದ್ವೀಪಗಳನ್ನು ಎರಡು ಬಗೆಯಾಗಿ ವಿಂಗಡಿಸುತ್ತಾನೆ. ಕವಡೆ ಸಿಗುವ ದ್ವೀಪಗಳು ಒಂದು ಬಗೆ, ತೆಂಗಿನ ನಾರಿನ ಹಗ್ಗ ಹೊಸೆಯುವ ದ್ವೀಪಗಳು ಇನ್ನೊಂದು. ಎರಡನೆಯದನ್ನು ಅವನು ‘ದೀವಾ ಕಂಬಾರ್’ ಎನ್ನುತ್ತಾನೆ. ಅದು ಲಕ್ಷದ್ವೀಪವೇ ಎಂದು ವಿದ್ವಾಂಸರ ಎಣಿಕೆ. ಆ ಕಾಲದ ಅರಬೀ ಹಡಗುಗಳ ಹಲಗೆಗಳನ್ನು ಮೊಳೆ ಹೊಡೆದು ಕೂಡಿಸುತ್ತಿರಲಿಲ್ಲ, ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹಾಗಾಗಿ ಹಿಂದೂ ಮಹಾಸಾಗರದ ವ್ಯಾಪಾರವೆಲ್ಲ ಒಂದರ್ಥದಲ್ಲಿ ಇಂಥ ದ್ವೀಪಗಳ ಹೆಂಗಸರು ತೊಡೆಯ ಮೇಲೆ ಹೊಸೆದ ಹುರಿಯ ಮೇಲೆ ನಿಂತಿತ್ತು. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಅಮಿನಿಗೆ ಬಂದದ್ದೂ ಈ ನಾರಿಗಾಗಿಯೇ. ಅವರಿಗೆ ವಿಷವಿಕ್ಕಿ ಕೊಂದೆವೆಂದು ದ್ವೀಪದವರ ಐತಿಹ್ಯ ಹೇಳುತ್ತದೆ.

ಆಮೇಲೆ ದ್ವೀಪಗಳು ಕಣ್ಣನೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಕೇರಳದ ಏಕೈಕ ಮುಸ್ಲಿಂ ಅರಸು ಮನೆತನ ಅದು, ಹೆಣ್ಣು ಪಟ್ಟಕ್ಕೆ ಬಂದರೆ ‘ಬೀವಿ’ ಎನ್ನುತ್ತಿದ್ದರು. ಬೀವಿಯ ಆಡಳಿತ ನಾರಿನ ಮೇಲೆ ಏಕಸ್ವಾಮ್ಯ ಹೂಡಿತ್ತು. ದ್ವೀಪದವರು ನಾರನ್ನು ಬೀವಿಗಲ್ಲದೆ ಇನ್ನಾರಿಗೂ ಮಾರುವಂತಿಲ್ಲ, ಅದಕ್ಕೆ ಕೊಡುವ ಅಕ್ಕಿಯ ದರವೂ ಬೀವಿಯದೇ. ತೆಂಗಲ್ಲದೆ ಇನ್ನೇನೂ ಹೇರಳವಾಗಿ ಬೆಳೆಯದ ಮರಳು ದ್ವೀಪದಲ್ಲಿ ಅಕ್ಕಿಯ ದರ ನಿಗದಿ ಮಾಡುವವನೇ ದೊರೆ. 1780ರ ದಶಕದಲ್ಲಿ ಅಮಿನಿಯವರು ತಿರುಗಿಬಿದ್ದರು. ಕೆಲವರು ಮಂಗಳೂರಿಗೆ ಓಡ ಹಾಯಿಸಿ ಬಂದು ಟಿಪ್ಪು ಸುಲ್ತಾನನ ಮುಂದೆ ಅಳಲು ತೋಡಿಕೊಂಡರು. ಬೀವಿ ಟಿಪ್ಪುವಿಗೆ ಬೇಕಾದವಳು. ಆದ್ದರಿಂದ ಯುದ್ಧವಿಲ್ಲದೆ, ಬದಲಿಗೆ ಬೇರೆ ನೆಲ ಕೊಟ್ಟು, 1787ರ ಹೊತ್ತಿಗೆ ಐದು ದ್ವೀಪಗಳು ಮೈಸೂರಿನ ವಶವಾದವು. ಹನ್ನೆರಡು ವರ್ಷದ ನಂತರ ಟಿಪ್ಪು ಹುತಾತ್ಮನಾದಾಗ ಅವು ಕಂಪನಿಯ ಪಾಲಾದವು. ಉಳಿದ ದ್ವೀಪಗಳು ಬೀವಿಯ ಹೆಸರಿನಲ್ಲೇ ಇದ್ದು, ಕಪ್ಪದ ಬಾಕಿಗಾಗಿ ಜಪ್ತಿಯಾಗಿ, ಬಿಡುಗಡೆಯಾಗಿ, ಮತ್ತೆ ಜಪ್ತಿಯಾಗಿ ಕೊನೆಗೆ 1908ರ ಒಪ್ಪಂದದಲ್ಲಿ ಬ್ರಿಟಿಷರಿಗೆ ಹೋದವು. ಅದು ಬೇರೆ ಕತೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಏಕಸ್ವಾಮ್ಯದಿಂದ ಬೇಸತ್ತು ಮಂಗಳೂರಿಗೆ ಬಂದವರಿಗೆ ಮಂಗಳೂರೂ ಕಾಲಕ್ರಮದಲ್ಲಿ ಅದನ್ನೇ ಕೊಟ್ಟಿತು. ಕಂಪನಿ ಸರ್ಕಾರ ಅಮಿನ್‌ದೀವಿಯ ನಾರಿನ ಮೇಲಿನ ಹಕ್ಕನ್ನು ಬಿಡಲಿಲ್ಲ. ನಾರು ಬಂದರಿಗೆ ಬರಬೇಕು, ಸರ್ಕಾರಿ ತೂಕವಾಗಬೇಕು, ಬದಲಿಗೆ ಅಕ್ಕಿ ಹೋಗಬೇಕು. ತಕ್ಕಡಿ ಯಾರ ಕೈಯಲ್ಲಿತ್ತು ಎಂದು ಬೇರೆ ಹೇಳಬೇಕಿಲ್ಲ.

ಆ ನಾರು ತಯಾರಾಗುತ್ತಿದ್ದುದು ಲಗೂನ್‌ನ ದಡದಲ್ಲಿ. ದ್ವೀಪದವರು ತೆಂಗಿನ ಸಿಪ್ಪೆಯನ್ನು ಉಪ್ಪುನೀರು ಆಡುವ ಮರಳಿನಲ್ಲಿ ಗುಂಡಿ ತೋಡಿ ಹೂಳುತ್ತಾರೆ, ಮೇಲೆ ಕಲ್ಲು ಹೇರುತ್ತಾರೆ, ತಿಂಗಳುಗಟ್ಟಲೆ ಬಿಟ್ಟು ತೆಗೆದು ಬಡಿಯುತ್ತಾರೆ. ಲಗೂನ್ ಎಂದರೆ ಹವಳದ ದಿಬ್ಬ ಬೇಲಿಯಂತೆ ಸುತ್ತುವರಿದು ಒಳಗೆ ಕಟ್ಟಿಕೊಂಡ ತೆಳುನೀಲಿ ನೀರು. ಹೊರಗೆ ಕಡಲು ಎಷ್ಟು ರೇಗಿದರೂ ಒಳಗೆ ಕೆರೆಯಂತೆ ಶಾಂತ. ಲಕ್ಷದ್ವೀಪದ ನೆಲವೆಲ್ಲ ಕೂಡಿದರೆ 32 ಚದರ ಕಿಲೋಮೀಟರು, ನಮ್ಮ ಒಂದು ಸಣ್ಣ ಹೋಬಳಿಯೂ ಆಗದು. ಲಗೂನ್‌ಗಳ ವಿಸ್ತಾರ ಸುಮಾರು 4,200 ಚದರ ಕಿಲೋಮೀಟರು. 2011ರ ಜನಗಣತಿಯಂತೆ 64 ಸಾವಿರ ಚಿಲ್ಲರೆ ಜನ, ನೂರಕ್ಕೆ 96ಕ್ಕಿಂತ ಹೆಚ್ಚು ಮುಸ್ಲಿಮರು. ತರವಾಡು ಮನೆಯ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಮುಸ್ಲಿಮರು ಎಂಬುದನ್ನೂ ಸೇರಿಸಬೇಕು. ಲೀಲಾ ದುಬೆ ಅವರು ಕಲ್ಪೇನಿ ದ್ವೀಪದ ಬಗ್ಗೆ 1969ರಲ್ಲಿ ಇದನ್ನು ಕುರಿತೇ ಒಂದು ಪುಸ್ತಕ ಬರೆದರು. ಮುಸ್ಲಿಂ ಸಮಾಜವೆಂದರೆ ಒಂದೇ ಅಚ್ಚು ಎಂದು ನಂಬಿದವರು ಅದನ್ನು ಓದಬೇಕು.

ಆ ಲಗೂನ್‌ಗಳ ಮರಳಿನ ತಳದಲ್ಲಿ ಅಲ್ಲಲ್ಲಿ ಹುಲ್ಲುಗಾವಲುಗಳಿದ್ದವು. ಇದ್ದವು ಎಂದು ಭೂತಕಾಲದಲ್ಲಿ ಬರೆಯಬೇಕಾದ್ದೇ ಈ ಲೇಖನಕ್ಕೆ ಕಾರಣ.

ಕಡಲಹುಲ್ಲನ್ನು ಪಾಚಿಯೆಂದು ತಿಳಿಯುವವರೇ ಹೆಚ್ಚು. ನಾನೂ ಹಾಗೇ ತಿಳಿದಿದ್ದೆ. ಪಾಚಿಗೆ ನಿಜವಾದ ಬೇರಿಲ್ಲ, ಹೂವಿಲ್ಲ. ಕಡಲಹುಲ್ಲಿಗೆ ಬೇರಿದೆ, ನೆಲದೊಳಗೆ ಹರಿಯುವ ಗೆಡ್ಡೆಯಂಥ ಕಾಂಡವಿದೆ, ಅದು ನೀರಿನೊಳಗೇ ಹೂ ಬಿಡುತ್ತದೆ, ಬೀಜ ಕಟ್ಟುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ, ನೆಲದ ಮೇಲೆ ಡೈನೋಸಾರ್‌ಗಳು ಓಡಾಡುತ್ತಿದ್ದ ಕಾಲದಲ್ಲಿ, ನೆಲದ ಸಸ್ಯಗಳ ಕೆಲವು ವಂಶಗಳು ಮತ್ತೆ ಕಡಲಿಗಿಳಿದವು. ಜೀವ ನೀರಿನಿಂದ ನೆಲಕ್ಕೆ ಬಂದದ್ದು ಶಾಲೆಯ ಪಾಠದಲ್ಲಿದೆ, ಗಂಡನ ಮನೆ ಸಾಕಾಗಿ ತವರಿಗೆ ಮರಳಿದ ಈ ಹುಲ್ಲಿನ ಸುದ್ದಿ ನಮ್ಮ ಪಾಠದಲ್ಲಿ ಇರಲಿಲ್ಲ. ಜಗತ್ತಿನಲ್ಲಿ ಇದರ 70ರಷ್ಟು ಜಾತಿಗಳಿವೆ. ಲಕ್ಷದ್ವೀಪದಲ್ಲಿ ಮುಖ್ಯವಾಗಿ ಕಾಣುತ್ತಿದ್ದದ್ದು ಥಲಾಸಿಯಾ ಮತ್ತು ಸೈಮೊಡೋಸಿಯಾ.

ಇನ್ನು ಹಗೇವಿನ ಮಾತು. ನನ್ನ ತಾಯಿಯ ತವರು ಬಯಲುಸೀಮೆಯ ಒಂದು ಹಳ್ಳಿ. ಅಜ್ಜನ ಮನೆಯ ಮುಂದೆ ಹಗೇವು ಇತ್ತು. ನೆಲದಲ್ಲಿ ಆಳದ ಗುಂಡಿ, ಒಳಗೆ ಸುತ್ತಲೂ ಹುಲ್ಲು ಹೊದಿಸಿ ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತುವುದು. ವರ್ಷವಾದರೂ ಹುಳು ಹಿಡಿಯುತ್ತಿರಲಿಲ್ಲ. ಬಾಯಿ ತೆರೆದ ದಿನ ಮಕ್ಕಳು ಹತ್ತಿರ ಸುಳಿಯುವಂತಿಲ್ಲ. ಅಜ್ಜ ಹಗ್ಗಕ್ಕೆ ಕಂದೀಲು ಕಟ್ಟಿ ಮೆಲ್ಲಗೆ ಒಳಗಿಳಿಸುತ್ತಿದ್ದರು. ದೀಪ ನಂದಿದರೆ ಇನ್ನೂ ಇಳಿಯಬಾರದು ಎಂದರ್ಥ. ಒಳಗಿನ ಕಾಳು ಉಸಿರಾಡಿ ಉಸಿರಾಡಿ ಪ್ರಾಣವಾಯುವೆಲ್ಲ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಆ ಗಾಳಿಯಲ್ಲಿ ಹುಳು ಬದುಕದು, ಮನುಷ್ಯನೂ ಬದುಕಲಾರ. ಅವಸರಪಟ್ಟು ಇಳಿದು ಸತ್ತವರ ಕಿಸ್ಸೆಗಳು ಊರೂರಲ್ಲೂ ಇದ್ದವು.

ಕಡಲಹುಲ್ಲು ಮಾಡುವುದು ಹೆಚ್ಚುಕಡಿಮೆ ಹಗೇವಿನ ಕೆಲಸವನ್ನೇ. ನೀರಿನಲ್ಲಿ ಕರಗಿದ ಇಂಗಾಲವನ್ನು ಎಳೆದುಕೊಂಡು ಬಿಸಿಲಿನಲ್ಲಿ ಎಲೆ, ಬೇರು, ಕಾಂಡ ಕಟ್ಟಿಕೊಳ್ಳುತ್ತದೆ. ಜೊತೆಗೆ ಎಲೆಗಳು ಒತ್ತಾಗಿ ನಿಂತಲ್ಲಿ ನೀರಿನ ಓಟ ಕುಗ್ಗುತ್ತದೆ, ಬೇರೆ ಕಡೆಯಿಂದ ತೇಲಿಬಂದ ಕಸಕಡ್ಡಿಯೂ ಅಲ್ಲೇ ತಂಗುತ್ತದೆ. ಸತ್ತ ಬೇರು, ತಂಗಿದ ಕಸ ಎಲ್ಲ ಕೆಸರಿನಡಿ ಸೇರುತ್ತವೆ. ಆ ಕೆಸರಿನಲ್ಲಿ ಕೆಲವೇ ಮಿಲಿಮೀಟರು ಕೆಳಗೆ ಹೋದರೆ ಪ್ರಾಣವಾಯು ಇಲ್ಲ. ಕೊಳೆಸುವ ಜೀವಾಣುಗಳ ಕೆಲಸ ಅಲ್ಲಿ ಬಹಳ ನಿಧಾನ. ಕಾಡಿನಲ್ಲಿ ಬಿದ್ದ ಎಲೆ ಕೆಲವೇ ವರ್ಷಗಳಲ್ಲಿ ಕೊಳೆತು ಇಂಗಾಲ ಮರಳಿ ಗಾಳಿಗೆ ಹೋಗುತ್ತದೆ, ಬೆಂಕಿ ಬಿದ್ದರೆ ಒಂದೇ ದಿನಕ್ಕೆ. ಇಲ್ಲಿ ಅದು ನೂರಾರು, ಕೆಲವೆಡೆ ಸಾವಿರಾರು ವರ್ಷ ಕೂತಿರುತ್ತದೆ. ಸ್ಪೇನಿನ ಪೋರ್ಟ್ ಲಿಗಾಟ್ ಎಂಬ ಕೊಲ್ಲಿಯಲ್ಲಿ ಪೊಸಿಡೋನಿಯಾ ಹುಲ್ಲಿನ ಬೇರು ಕಾಂಡಗಳ ಪದರ ಹತ್ತು ಮೀಟರಿಗೂ ದಪ್ಪವಿದೆ. ಅದರ ತಳ ಸುಮಾರು 6,000 ವರ್ಷ ಹಳೆಯದು. ಜಗತ್ತಿನ ಕಡಲ ತಳದಲ್ಲಿ ಇಂಥ ಹುಲ್ಲು ಬೆಳೆದಿರುವುದು ನೂರಕ್ಕೆ 0.2 ಭಾಗಕ್ಕೂ ಕಡಿಮೆ ಜಾಗದಲ್ಲಿ. ಆದರೆ ವರ್ಷವರ್ಷವೂ ಕಡಲ ತಳದಲ್ಲಿ ಹೂತುಹೋಗುವ ಸಾವಯವ ಇಂಗಾಲದಲ್ಲಿ ಸುಮಾರು ಹತ್ತನೆಯ ಒಂದು ಪಾಲು ಇದರದೇ ಎಂದು ಅಂದಾಜು. 2009ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿ ಕಾಂಡ್ಲಾ ಕಾಡು, ಉಪ್ಪುಜೌಗು, ಕಡಲಹುಲ್ಲು ಮೂರನ್ನೂ ಸೇರಿಸಿ ‘ನೀಲಿ ಇಂಗಾಲ’ ಎಂಬ ಹೆಸರನ್ನು ಜನಪ್ರಿಯಗೊಳಿಸಿತು. 2012ರಲ್ಲಿ ‘ನೇಚರ್ ಜಿಯೋಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಹುಲ್ಲುಗಾವಲುಗಳ ಮೇಲಿನ ಒಂದು ಮೀಟರು ಮಣ್ಣಿನಲ್ಲೇ 420 ಕೋಟಿಯಿಂದ 840 ಕೋಟಿ ಟನ್ ಇಂಗಾಲವಿರಬಹುದೆಂದು ಲೆಕ್ಕ ಹಾಕಿತು.

ಹಗೇವಿನ ಚಪ್ಪಡಿ ತೆಗೆದರೆ? ಆಸ್ಟ್ರೇಲಿಯಾದ ಪಶ್ಚಿಮಕ್ಕಿರುವ ಶಾರ್ಕ್ ಬೇ ಎಂಬಲ್ಲಿ ಅದೂ ಆಯಿತು. 2010-11ರ ಬೇಸಿಗೆಯಲ್ಲಿ ಕಡಲು ಮಿತಿಮೀರಿ ಕಾದು ಸುಮಾರು ಸಾವಿರ ಚದರ ಕಿಲೋಮೀಟರು ಹುಲ್ಲು ಹಾಳಾಯಿತು. ಮುಂದಿನ ಮೂರು ವರ್ಷಗಳಲ್ಲಿ ಅಲ್ಲಿಂದ 20ರಿಂದ 90 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಹೊರಬಿದ್ದಿರಬಹುದೆಂದು 2018ರ ಒಂದು ಅಧ್ಯಯನ ಹೇಳಿತು. ಹುಲ್ಲು ಸತ್ತರೆ ಅದು ಇನ್ನು ಇಂಗಾಲ ಹೀರುವುದಿಲ್ಲ ಎಂಬಷ್ಟೇ ನಷ್ಟವಲ್ಲ, ಅಜ್ಜಂದಿರ ಕಾಲದಿಂದ ಕೂಡಿಟ್ಟದ್ದೂ ಸೋರುತ್ತದೆ.

ಮತ್ತೆ ಲಕ್ಷದ್ವೀಪಕ್ಕೆ ಬರೋಣ. ಅಲ್ಲಿ ಹುಲ್ಲನ್ನು ಮೊದಲು ತಿಂದುಹಾಕಿದ್ದು ಬಿಸಿಯಾದ ನೀರಲ್ಲ, ಹಸಿರು ಕಡಲಾಮೆ. ನಾವೇ ಕಾನೂನು ಮಾಡಿ ಕಾಪಾಡಿದ ಆಮೆ.

ಹಿಂದೆ ದ್ವೀಪದವರು ಆಮೆಯನ್ನು ಹಿಡಿದು ಕೊಬ್ಬು ಕಾಯಿಸಿ ಎಣ್ಣೆ ತೆಗೆಯುತ್ತಿದ್ದರು. ಮರದ ಓಡಗಳಿಗೆ ಆ ಎಣ್ಣೆ ಬಳಿದರೆ ಹಲಗೆ ಬಾಳಿಕೆ ಬರುತ್ತಿತ್ತು. ಮಂಗಳೂರಿನ ಬಂದರಿಗೆ ನಾರು ಹೊತ್ತು ಬಂದ ಎಷ್ಟು ಓಡಗಳ ಮೈಗೆ ಆಮೆಯೆಣ್ಣೆ ಮೆತ್ತಿತ್ತೋ! 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು, ಕಡಲಾಮೆಗಳು ಅದರ ಮೊದಲ ಪಟ್ಟಿಗೆ ಸೇರಿದವು, ಬೇಟೆ ಅಪರಾಧವಾಯಿತು. ಅದೇ ಹೊತ್ತಿಗೆ ಯಂತ್ರದ ದೋಣಿ, ಹೊಸ ಬಗೆಯ ಬಣ್ಣಗಳು ಬಂದು ಎಣ್ಣೆಯ ಅಗತ್ಯವೂ ಕಡಿಮೆಯಾಯಿತು. ಆಮೆಗಳನ್ನು ಎಣಿಸಲು ಬಂದವರಲ್ಲಿ ಸತೀಶ್ ಭಾಸ್ಕರ್ ಎಂಬುವರಿದ್ದರು. 1982ರ ಮಳೆಗಾಲವಿಡೀ ಅವರು ಸುಹೇಲಿ ವಲಿಯಕರ ಎಂಬ ನಿರ್ಜನ ದ್ವೀಪದಲ್ಲಿ ಒಬ್ಬರೇ ಉಳಿದರು. ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಹೋಗದು, ಬರಬೇಕೆಂದರೂ ಬರುವಂತಿಲ್ಲ. ಹೆಂಡತಿಗೆ ಕಾಗದ ಬರೆದು ಬಾಟಲಿಯಲ್ಲಿಟ್ಟು ಕಡಲಿಗೆಸೆದರು. ಅದು ತೇಲಿ ತೇಲಿ ಶ್ರೀಲಂಕಾ ಸೇರಿ, ಅಲ್ಲಿಯ ಬೆಸ್ತನೊಬ್ಬನ ಕೈಗೆ ಸಿಕ್ಕು, ಅವನು ಅದನ್ನು ಅಂಚೆಗೆ ಹಾಕಿ, ಕೊನೆಗೆ ಮನೆ ತಲುಪಿತು. ಕತೆಗಾರನಾದ ನಾನು ಇದನ್ನು ಕಲ್ಪಿಸಿ ಬರೆದಿದ್ದರೆ ಸಂಪಾದಕರು ನಂಬುತ್ತಿರಲಿಲ್ಲ.

ಇಂಥವರ ಶ್ರಮ, ಕಾನೂನಿನ ಬಿಗಿ ಎರಡೂ ಫಲ ಕೊಟ್ಟು ಆಮೆಗಳು ಹೆಚ್ಚಿದವು. 2000ದ ದಶಕದಲ್ಲಿ ಅಗತ್ತಿಯ ಲಗೂನ್‌ನಲ್ಲಿ ಜಗತ್ತಿನ ಬೇರೆಲ್ಲೂ ಅಪರೂಪವೆನ್ನುವಷ್ಟು ದಟ್ಟವಾಗಿ ಆಮೆಗಳು ಸೇರಿದವು. ಆಮೆಯ ಶತ್ರುವಾದ ದೊಡ್ಡ ಶಾರ್ಕ್‌ಗಳು ಹಿಂದಿನಷ್ಟು ಉಳಿದಿರಲಿಲ್ಲ. ಅಪರ್ಣಾ ಲಾಲ್, ರೋಹನ್ ಆರ್ಥರ್, ತೆರೇಸಾ ಆಲ್ಕೊವೆರೊ, ನಚಿಕೇತ ಕೇಳ್ಕರ್, ಮಯೂರೇಶ್ ಗಂಗಲ್ ಮುಂತಾದ ಸಂಶೋಧಕರು ವರ್ಷಗಟ್ಟಲೆ ಈ ಹುಲ್ಲನ್ನು ಅಳೆದಿದ್ದಾರೆ. ಮೊದಲು ಎಲೆ ಗಿಡ್ಡವಾಯಿತು. ಆಮೇಲೆ ಹೂ ಬಿಡುವುದು ಕಡಿಮೆಯಾಯಿತು. ನಿಧಾನವಾಗಿ ಬೆಳೆಯುವ ಗಟ್ಟಿ ಥಲಾಸಿಯಾ ಹಿಂದೆ ಸರಿದು ಬೇಗ ಚಿಗುರುವ ಸೈಮೊಡೋಸಿಯಾ ಮುಂದೆ ಬಂತು. ಕೊನೆಗೆ ಅದೂ ಹೋಯಿತು. ಅಗತ್ತಿಯಲ್ಲಿ ಮೇವು ತೀರಿದಾಗ ಆಮೆಗಳು ಇನ್ನೊಂದು ದ್ವೀಪದ ಲಗೂನ್‌ಗೆ ಹೊರಟವು, ಅದು ತೀರಿದಾಗ ಮತ್ತೊಂದಕ್ಕೆ. ನಮ್ಮ ಹಳೆಯ ಕದಮತ್ತೂ ಈ ಸರದಿಯಲ್ಲಿ ಸಿಕ್ಕಿತು. 2021ರಲ್ಲಿ ಪ್ರಕಟವಾದ ಅಧ್ಯಯನ, ದ್ವೀಪಸ್ತೋಮದ ಉದ್ದಕ್ಕೂ ಹುಲ್ಲುಗಾವಲುಗಳು ಇದ್ದೂ ಇಲ್ಲದಂತಾಗಿವೆ ಎಂದು ಹೇಳಿತು. ಅಲ್ಲಲ್ಲಿ ಎಳೆ ಉಳಿದಿರಬಹುದು. ಮೀನಿಗೆ ಮರೆಯಾಗುವ, ಮರಳು ಹಿಡಿಯುವ, ಇಂಗಾಲ ಹೂಳುವ ಕೆಲಸ ಮಾತ್ರ ನಿಂತುಹೋಗಿದೆ.

ಇದನ್ನು ಮೊದಲು ಹೇಳಿದವರು ವಿಜ್ಞಾನಿಗಳಲ್ಲ, ಅಗತ್ತಿಯ ಬೆಸ್ತರು. ಆಮೆ ಬಂದ ಮೇಲೆ ಹುಲ್ಲು ಹೋಯಿತು, ಹುಲ್ಲು ಹೋದ ಮೇಲೆ ಲಗೂನ್‌ನ ಮೀನು ಹೋಯಿತು ಎಂದು ಅವರು ದೂರುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಅದು ವನ್ಯಜೀವಿಯ ಮೇಲೆ ಬಡವರ ಹಗೆತನದಂತೆ ಕಂಡಿರಬೇಕು. ಹುಲ್ಲುಗಾವಲು ಮರಿಮೀನುಗಳ ತೊಟ್ಟಿಲು ಎಂಬುದು ಆ ದೂರಿನ ಒಳಗಿದ್ದ ತಿಳಿವಳಿಕೆ. ಸಂಶೋಧಕರು ಕೂತು ಅಳೆದಾಗ ಬೆಸ್ತರ ಮಾತು ಬಹುಪಾಲು ನಿಜವೆಂದೇ ಕಂಡಿತು.

ಹಾಗಾದರೆ ಆಮೆಯನ್ನು ಕಾಪಾಡಿದ್ದೇ ತಪ್ಪೇ? ನನಗೆ ಹಾಗೆನ್ನಿಸುವುದಿಲ್ಲ. ಇತಿಹಾಸ ಓದಿದವರಿಗೆ ಇಲ್ಲೊಂದು ತೊಡಕಿನ ಪ್ರಶ್ನೆ ಎದುರಾಗುತ್ತದೆ. ನಾವು ಕಳೆದುಕೊಂಡೆವು ಎನ್ನುವ ಆ ಸೊಂಪಾದ ಹುಲ್ಲುಗಾವಲು ಯಾವ ಕಾಲದ್ದು? ಮನುಷ್ಯ ನೂರಾರು ವರ್ಷ ಆಮೆ ಕೊಂದು ಅವುಗಳ ಸಂಖ್ಯೆ ಇಳಿಸಿದ್ದರಿಂದಲೇ ಹುಲ್ಲು ಅಷ್ಟು ಎತ್ತರ ಬೆಳೆದಿತ್ತೋ ಏನೋ. ಕೆರಿಬಿಯನ್ ಕಡಲಿನ ಬಗ್ಗೆ ಕೆಲವು ವಿಜ್ಞಾನಿಗಳು ಹೀಗೆಯೇ ವಾದಿಸಿದ್ದಾರೆ. ಕೊಲಂಬಸ್ ಬಂದ ಕಾಲದಲ್ಲಿ ಅಲ್ಲಿ ಆಮೆಗಳು ಲೆಕ್ಕವಿಲ್ಲದಷ್ಟಿದ್ದು ಹುಲ್ಲು ಮೇಯ್ದ ಮಾಳದಂತೆ ಗಿಡ್ಡವಾಗಿತ್ತು, ಈಗಿನ ಎತ್ತರದ ಹುಲ್ಲು ಆಮೆಯಿಲ್ಲದ ಕಡಲಿನ ಹುಲ್ಲು ಎಂದು. ಆದರೆ ಆಗ ಆಮೆಯ ಜೊತೆ ಶಾರ್ಕೂ ಇತ್ತು. ಮೇಯುವವನನ್ನು ಕಾಪಾಡಿ ಮೇಯುವವನನ್ನು ಅಂಜಿಸುವವನನ್ನು ಮುಗಿಸಿದರೆ ಮಾಳ ಉಳಿಯುವುದು ಕಷ್ಟ. ದನ ಸಾಕಿದ ಯಾರನ್ನು ಕೇಳಿದರೂ ಹೇಳುತ್ತಾರೆ.

ಈಗ ಇಂಗಾಲದ ವ್ಯಾಪಾರದ ಮಾತು ಕೇಳಿಬರುತ್ತಿದೆ. ಎಲ್ಲೋ ಹೊಗೆಯುಗುಳುವ ಕಂಪನಿ ಇನ್ನೆಲ್ಲೋ ಹುಲ್ಲು ಬೆಳೆಸಲು ಹಣ ಕೊಟ್ಟು ತನ್ನ ಲೆಕ್ಕ ಸರಿಮಾಡಿಕೊಳ್ಳುವುದು. ಹುಲ್ಲು ಬೆಳೆಸಲು ಆಗುವುದಿಲ್ಲವೆಂದಲ್ಲ. ಅಮೆರಿಕದ ವರ್ಜೀನಿಯಾ ಕರಾವಳಿಯ ಕೊಲ್ಲಿಗಳಲ್ಲಿ 1930ರ ದಶಕದ ರೋಗ ಮತ್ತು 1933ರ ಚಂಡಮಾರುತಕ್ಕೆ ಹುಲ್ಲು ಪೂರ್ತಿ ನಾಶವಾಗಿತ್ತು. 1999ರಿಂದ ಎರಡು ದಶಕ 7 ಕೋಟಿಗೂ ಮಿಕ್ಕಿ ಬೀಜ ಬಿತ್ತಿ ಸುಮಾರು 3,600 ಹೆಕ್ಟೇರು ಗಾವಲನ್ನು ಮರಳಿ ಬೆಳೆಸಿದರು. ಆದರೆ ಸ್ಪೇನಿನ ಅಥವಾ ವರ್ಜೀನಿಯಾದ ಅಂಕಿಯನ್ನು ತಂದು ಲಕ್ಷದ್ವೀಪಕ್ಕೆ ಹಚ್ಚುವವರ ಬಗ್ಗೆ ಎಚ್ಚರವಿರಬೇಕು. ಹವಳದ ಸುಣ್ಣದ ಮರಳಿನಲ್ಲಿ ಬೆಳೆಯುವ ಪುಟ್ಟ ಹುಲ್ಲುಗಳು ಮೆಡಿಟರೇನಿಯನ್ನಿನ ಪೊಸಿಡೋನಿಯಾದಷ್ಟು ಇಂಗಾಲ ಹೂಳುವುದಿಲ್ಲ. ಅದೂ ಅಲ್ಲದೆ ಚಿಪ್ಪು, ಹವಳದಂಥವು ಸುಣ್ಣ ಕಟ್ಟುವಾಗ ನೀರಿಗೆ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ, ಜಮಾದಿಂದ ಅದನ್ನೂ ಕಳೆಯಬೇಕು. ಇಂಗಾಲವನ್ನಷ್ಟೇ ತೂಗಿದರೆ ಅಗತ್ತಿಯ ಲಗೂನ್ ದೊಡ್ಡ ಸೌದಾ ಅಲ್ಲ. ಅಲ್ಲಿಯ ಮೀನು, ಅಲ್ಲಿಯ ಮರಳು, ಅಲೆಯ ಹೊಡೆತ ತಗ್ಗಿಸುವ ಆ ಎಲೆಗಳ ಒತ್ತು, ಇವನ್ನು ತೂಗುವ ತಕ್ಕಡಿ ಪೇಟೆಯಲ್ಲಿಲ್ಲ. ನಾರಿನ ಕಾಲದ ಕತೆ ಬಲ್ಲವರು ಇನ್ನೊಂದನ್ನೂ ಕೇಳಿಯಾರು: ಈ ಸಲದ ಲೆಕ್ಕದ ಪುಸ್ತಕ ಯಾರ ಕೈಯಲ್ಲಿರುತ್ತದೆ, ಅಕ್ಕಿ ಎಷ್ಟು ಬರುತ್ತದೆ?

ಅಲೆಯ ಮಾತು ಸುಮ್ಮನೆ ಹೇಳಿದ್ದಲ್ಲ. ಬಂಗಾರಂ ಬಳಿಯ ಪರಳಿ-1 ಎಂಬ ಜನವಸತಿಯಿಲ್ಲದ ಪುಟ್ಟ ದ್ವೀಪ ಕೊರೆದು ಕೊರೆದು ಪೂರ್ತಿ ಇಲ್ಲವಾಯಿತೆಂದು 2017ರಲ್ಲಿ ಸುದ್ದಿಯಾಯಿತು. 1998, 2010, 2016, 2024ರಲ್ಲಿ ಕಡಲು ಕಾದು ಹವಳ ಬಿಳಿಚಿಕೊಂಡಿತು. ಹವಳದ ಬೇಲಿ ಸೊರಗಿದರೆ ಅಲೆ ನೇರ ಒಳಗೆ ಬರುತ್ತದೆ, ಒಳಗೆ ಅದನ್ನು ತಡೆಯಲು ಹುಲ್ಲೂ ಇಲ್ಲ. ಇದರ ನಡುವೆ 2021ರಲ್ಲಿ ಮಿನಿಕಾಯ್, ಸುಹೇಲಿ, ಕದಮತ್‌ಗಳ ಲಗೂನ್‌ನಲ್ಲಿ ನೀರಿನ ಮೇಲೆ ಕಂಬ ನೆಟ್ಟು ಪ್ರವಾಸಿಗರಿಗೆ ವಿಲ್ಲಾ ಕಟ್ಟಲು ಟೆಂಡರ್ ಕರೆಯಲಾಯಿತು. ಸತೀಶ್ ಭಾಸ್ಕರ್ ಬಾಟಲಿ ಎಸೆದ ಅದೇ ಸುಹೇಲಿ.

ಮೇಯದಂತೆ ಬೇಲಿ ಕಟ್ಟಿ ಸ್ವಲ್ಪ ಜಾಗವನ್ನು ಆಮೆಗಳಿಂದ ಕಾಪಾಡಿದರೆ ಹುಲ್ಲು ಮತ್ತೆ ಚಿಗುರುವುದನ್ನು ಸಂಶೋಧಕರು ಕಂಡಿದ್ದಾರೆ. ಬೇರು ಉಳಿದಿದ್ದಲ್ಲಿ ಮಾತ್ರ. ಬೇರು ಸತ್ತು ಮರಳು ಸಡಿಲಾದ ಮೇಲೆ ಬೀಜ ತೇಲಿಬರುವುದನ್ನು ಕಾಯಬೇಕು, ಬಂದ ಬೀಜ ಮೊಳೆಯುವಷ್ಟು ದಿನ ಆಮೆ ಹಸಿದಿರಬಾರದು.

ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ದೋಣಿಗಳು ಹೋಗುವುದು ಈಗಲೂ ನಿಂತಿಲ್ಲ. ತರಕಾರಿ, ದಿನಸಿ, ಜಲ್ಲಿ, ಸಿಮೆಂಟು. ಮಳೆಗಾಲ ಕಳೆದ ಮೇಲೆ ಒಮ್ಮೆ ಅಲ್ಲಿ ಹೋಗಿ ನಿಂತಿದ್ದೆ. ಹಮಾಲರು ಹಲಗೆಯ ಮೇಲೆ ಮೂಟೆ ಹೊತ್ತು ದೋಣಿಗೆ ಹತ್ತುತ್ತಿದ್ದರು, ಒಬ್ಬ ದಡದಲ್ಲಿ ಕೂತು ಚೀಟಿಯಲ್ಲಿ ಗೆರೆ ಎಳೆದು ಎಣಿಸುತ್ತಿದ್ದ. ಅವನ ಪಕ್ಕದಲ್ಲಿ ಹುರಿಹಗ್ಗದ ಒಂದು ಸಿಂಬಿ ಬಿದ್ದಿತ್ತು. ಮುಟ್ಟಿ ನೋಡಿದೆ, ಪ್ಲಾಸ್ಟಿಕ್ಕಿನದು.